ಚಾರ್ಜ್ ಅಂದ್ರೆ ಏನು? ಹೊಲದ ಉತಾರದಿಂದ ಫೋನಿನ ಬ್ಯಾಟರಿವರೆಗೆ

ಕುಂದಗೋಳ ತಾಲೂಕಿನ ಹಳ್ಳಿಯಲ್ಲಿರುವ ನಮ್ಮ ಕಾಕಾ ಬೆಳೆಸಾಲ ಕೇಳಲು ಹುಬ್ಬಳ್ಳಿಯ ಒಂದು ಬ್ಯಾಂಕಿಗೆ ಹೋಗಿದ್ದರು. ಜೊತೆಗೆ ನಾನೂ ಇದ್ದೆ. ಕೌಂಟರಿನಲ್ಲಿದ್ದ ಮೇಡಂ ಹೊಲದ ಉತಾರ, ಅಂದರೆ ಪಹಣಿ, ತಿರುವಿ ನೋಡಿ, "ಯಜಮಾನ್ರ, ಹೊಲದ ಮ್ಯಾಲೆ ಚಾರ್ಜ್ ಐತ್ರಿ. ಅದನ್ನ ಕ್ಲಿಯರ್ ಮಾಡ್ಸಿ ಬರ್ರಿ" ಎಂದರು.

ಕಾಕಾ ಕೂಡಲೇ ಅಂಗಿಯ ಕಿಸೆಗೆ ಕೈ ಹಾಕಿದರು. ಮಡಚಿಟ್ಟಿದ್ದ 500ರ ನೋಟು ತೆಗೆದು, ಕೈಯಿಂದ ತೀಡಿ ಸಾಪಾಗಿಸಿ, ಕೌಂಟರಿನ ಮೇಲಿಟ್ಟರು. "ಎಷ್ಟ್ ಆಗತೈತ್ರಿ ಚಾರ್ಜು? ಈಗ ಕೊಟ್ಟ ಬಿಡ್ತೀನಿ."

ಮೇಡಂ ನಗಲಿಲ್ಲ. "ಅದು ಆ ಚಾರ್ಜ್ ಅಲ್ರಿ" ಎಂದು ನೋಟನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಆದರೆ ಅದು ಯಾವ ಚಾರ್ಜ್ ಎಂದು ಹೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಹಿಂದೆ ಸಾಲು ಉದ್ದ ಇತ್ತು.

ಬಸ್ಸಿನಲ್ಲಿ ವಾಪಸ್ ಬರುವಾಗ ಕಾಕಾ ಕೇಳಿದರು: "ತಮ್ಮಾ, ಫೋನಿಗೆ ಚಾರ್ಜ್ ಹಚ್ಚತೀವಿ. ಬಸ್ಸಿಗೆ ಚಾರ್ಜ್ ಕೊಡ್ತೀವಿ. ಪೊಲೀಸರು ಲಾಠಿ ಚಾರ್ಜ್ ಮಾಡ್ತಾರ. ಹೊಲದ ಮ್ಯಾಲೆ ಎಂಥಾ ಚಾರ್ಜು?"

ಸರಿಯಾದ ಪ್ರಶ್ನೆ ಅಲ್ವಾ? ಈ ಒಂದು ಪದ ದಿನಕ್ಕೆ ಹತ್ತು ಸಲ ನಮ್ಮ ಬಾಯಲ್ಲಿ ಬರುತ್ತದೆ. ಲೈಟ್ ಬಿಲ್ಲಿನಲ್ಲಿ, ಬ್ಯಾಂಕಿನ ಮೆಸೇಜಿನಲ್ಲಿ, ಪೇಪರಿನಲ್ಲಿ, ದವಾಖಾನೆಯಲ್ಲಿ ಎಲ್ಲ ಕಡೆ ಇದೆ. ಎಲ್ಲೆಲ್ಲಿ ಏನರ್ಥ ಎಂದು ತಿಳಿಯದಿದ್ದರೆ ಕಾಕಾಗೆ ಆದ ಹಾಗೆ ಒಂದು ದಿನ, ಒಂದು ಕೆಲಸ ಹಾಳಾಗುತ್ತದೆ. ಅದಕ್ಕೇ ಬುಡದಿಂದ ಶುರು ಮಾಡೋಣ.

ಮೂಲದಲ್ಲಿ ಇರುವುದು ಒಂದು ಚಕ್ಕಡಿ

ಹಳೆಯ ಲ್ಯಾಟಿನ್ ಭಾಷೆಯಲ್ಲಿ 'ಕಾರಸ್' ಎಂದರೆ ಗಾಲಿಗಳ ಗಾಡಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚಕ್ಕಡಿ. ಲ್ಯಾಟಿನ್ನಿನವರು ಆ ಪದವನ್ನು ಈಗಿನ ಫ್ರಾನ್ಸಿನ ಕಡೆ ಇದ್ದ ಗಾಲ್ ಜನರಿಂದ ಪಡೆದರು. ಆಮೇಲೆ ಅದರಿಂದ 'ಕಾರಿಕಾರೆ' ಎಂಬ ಕ್ರಿಯಾಪದ ಹುಟ್ಟಿತು. ಅರ್ಥ: ಗಾಡಿಗೆ ಸಾಮಾನು ಹೇರುವುದು. ಹಳೆಯ ಫ್ರೆಂಚಿನಲ್ಲಿ ಅದೇ 'ಚಾರ್ಜಿಯೆ' ಆಯಿತು. 1066ರಲ್ಲಿ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಬಂದವು. ಚಾರ್ಜ್ ಅವುಗಳಲ್ಲಿ ಒಂದು. ಅಲ್ಲಿ ಅದರ ಮೊದಲ ಅರ್ಥ ಸರಳ: ಹೊರೆ, ಹೇರು, ಭಾರ.

ರಸ್ತೆಯಲ್ಲಿ ಓಡುವ ಕಾರು ಕೂಡ ಇದೇ ಮನೆತನದ್ದು. ಹಡಗು, ವಿಮಾನದಲ್ಲಿ ಹೋಗುವ ಸರಕಿಗೆ ಹೇಳುವ ಕಾರ್ಗೊ ಕೂಡ ಇದರ ತಂಗಿ. ಅದು ಸ್ಪ್ಯಾನಿಷ್ ದಾರಿಯಿಂದ ಬಂತು.

ಈಗ ಕಣ್ಣ ಮುಂದೆ ಒಂದು ಚಿತ್ರ ಇಟ್ಟುಕೊಳ್ಳಿ. ಸುಗ್ಗಿಯಲ್ಲಿ ಬ್ಯಾಡಗಿ ಪೇಟೆಗೆ ಹೊರಟ ಚಕ್ಕಡಿ. ಮೆಣಸಿನಕಾಯಿ ಚೀಲ ಒಂದರ ಮೇಲೊಂದು ಹೇರಿದ್ದಾರೆ. ಎತ್ತು ಎಳೆಯುತ್ತಿವೆ. ಪೇಟೆ ಮುಟ್ಟಿದ ಮೇಲೆ ಹಮಾಲರು ಚೀಲ ಇಳಿಸುತ್ತಾರೆ. ಚಕ್ಕಡಿ ಹಗುರಾಗುತ್ತದೆ. ಚಾರ್ಜ್ ಎಂಬ ಪದದ ಎಲ್ಲ ಅರ್ಥಗಳೂ ಈ ಚಿತ್ರದಲ್ಲೇ ಇವೆ. ಯಾವುದೋ ಒಂದರ ಮೇಲೆ ಏನೋ ಒಂದನ್ನು ಹೇರಿದ್ದಾರೆ. ಏನನ್ನು ಹೇರಿದ್ದಾರೆ, ಯಾರ ಮೇಲೆ ಹೇರಿದ್ದಾರೆ ಎಂದು ಕೇಳಿದರೆ ಮುಕ್ಕಾಲು ಪಾಲು ಗೊಂದಲ ಬಿಡುತ್ತದೆ.

ನಾವೂ ಹೇರುತ್ತೇವೆ, ನಾವೂ ಹೊರಿಸುತ್ತೇವೆ

ನನಗೆ ಇದರಲ್ಲಿ ತುಂಬ ಹಿಡಿಸಿದ ಸಂಗತಿ ಒಂದಿದೆ. ಇಂಗ್ಲಿಷಿನವರು ಹೊರೆ ಎಂಬ ಮಾತನ್ನು ಎಲ್ಲೆಲ್ಲಿ ಬಳಸಿದರೋ, ಕನ್ನಡದವರೂ ಹೆಚ್ಚುಕಡಿಮೆ ಅಲ್ಲೆಲ್ಲ ಅದನ್ನೇ ಬಳಸಿದ್ದಾರೆ. ಯಾರೂ ಯಾರನ್ನೂ ನೋಡಿ ಬರೆದದ್ದಲ್ಲ.

ನೋಡಿ, ಸರ್ಕಾರ ತೆರಿಗೆ 'ಹೇರುತ್ತದೆ'. ಕಳ್ಳತನದ ತಪ್ಪನ್ನು ಒಬ್ಬನ ಮೇಲೆ 'ಹೊರಿಸುತ್ತಾರೆ'. ಮನೆಯ ಹಿರಿಮಗ ಜವಾಬ್ದಾರಿ 'ಹೊರುತ್ತಾನೆ'. ಸಾಲದ 'ಹೊರೆ' ಎನ್ನುತ್ತೇವೆ. ಶುಲ್ಕ, ಆಪಾದನೆ, ಅಧಿಕಾರ, ಸಾಲ ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಚಾರ್ಜ್ ಎಂಬ ಒಂದೇ ಪದ. ಕನ್ನಡದಲ್ಲಿ ಹೇರು, ಹೊರು, ಹೊರಿಸು.

ಸಂಸ್ಕೃತದಿಂದ ಬಂದ ಪದಗಳೂ ಇದನ್ನೇ ಹೇಳುತ್ತವೆ. 'ಆರೋಪ' ಎಂದರೆ ಮೂಲದಲ್ಲಿ ಮೇಲೆ ಏರಿಸುವುದು ಎಂದರ್ಥ. ಸರ್ಕಾರಿ ಕಾಗದದಲ್ಲಿ ಬರುವ 'ಪ್ರಭಾರ'ದಲ್ಲಿ ಭಾರ ಇದೆ. ಆಸ್ತಿ ಕೊಳ್ಳುವಾಗ ಉಪನೋಂದಣಿ ಕಚೇರಿಯಲ್ಲಿ ತೆಗೆಸುವ ಇ.ಸಿ.ಗೆ ಕನ್ನಡದಲ್ಲಿ 'ಋಣಭಾರ' ಪ್ರಮಾಣಪತ್ರ ಎನ್ನುತ್ತಾರೆ. ಅಲ್ಲೂ ಭಾರ.

ಹಣದ ಚಾರ್ಜ್

ನಮಗೆ ಜಾಸ್ತಿ ಗೊತ್ತಿರುವುದು ಇದೇ. ಒಂದು ಸೇವೆ ಪಡೆದರೆ ನಮ್ಮ ಮೇಲೆ ಬೀಳುವ ಹಣದ ಹೊರೆ. ಹಮಾಲಿ ಚಾರ್ಜ್, ಕೊರಿಯರ್ ಚಾರ್ಜ್, ರಿಪೇರಿ ಚಾರ್ಜ್.

ಇಂಗ್ಲಿಷಿನಲ್ಲಿ ಇದಕ್ಕೆ ನಾಲ್ಕೈದು ಬೇರೆ ಪದಗಳಿವೆ. ವಸ್ತು ಕೊಂಡರೆ ಪ್ರೈಸ್. ಶಾಲೆಗೆ, ವಕೀಲರಿಗೆ, ಡಾಕ್ಟರಿಗೆ ಕೊಡುವುದು ಫೀ. ಬಸ್ಸು, ರೈಲಿಗೆ ಕೊಡುವುದು ಫೇರ್. ತಪ್ಪಿಗೆ ಕಟ್ಟುವುದು ಫೈನ್, ಅಂದರೆ ದಂಡ. ಸೇವೆಗೆ ಅಥವಾ ಬಳಕೆಗೆ ಕೊಡುವುದು ಚಾರ್ಜ್. ನಾವು 'ಬಸ್ ಚಾರ್ಜ್' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಬರೆಯುವಾಗ ಅದು 'ಬಸ್ ಫೇರ್' ಆಗಬೇಕು. ಕನ್ನಡದಲ್ಲಿ ಮಾತಾಡುವಾಗ ಬಸ್ ಚಾರ್ಜ್ ಅಂದರೆ ತಪ್ಪೇನಿಲ್ಲ. ಪದ ನಮ್ಮ ಮನೆಗೆ ಬಂದ ಮೇಲೆ ನಮ್ಮ ರೂಢಿಯಂತೆ ನಡೆಯುತ್ತದೆ.

ಮನೆಯ ಲೈಟ್ ಬಿಲ್ ತೆಗೆದು ನೋಡಿ. ನಮ್ಮ ಕಡೆ ಅದು ಹೆಸ್ಕಾಂ ಬಿಲ್. ಅದರಲ್ಲಿ ಎರಡು ಮುಖ್ಯ ಸಾಲುಗಳಿರುತ್ತವೆ: ನಿಗದಿತ ಶುಲ್ಕ ಮತ್ತು ವಿದ್ಯುತ್ ಶುಲ್ಕ. ಇಂಗ್ಲಿಷಿನಲ್ಲಿ ಫಿಕ್ಸೆಡ್ ಚಾರ್ಜ್ ಮತ್ತು ಎನರ್ಜಿ ಚಾರ್ಜ್. ಎರಡನೆಯದು ಸುಲಭ. ಎಷ್ಟು ಯೂನಿಟ್ ಸುಟ್ಟಿರೋ ಅಷ್ಟಕ್ಕೆ ಹಣ. 1000 ವ್ಯಾಟಿನ ಒಂದು ಹೀಟರ್ 1 ಗಂಟೆ ಉರಿದರೆ 1 ಯೂನಿಟ್.

ಮೊದಲನೆಯದರ ಬಗ್ಗೆ ಜನರಿಗೆ ಅನುಮಾನ ಜಾಸ್ತಿ. "ಎರಡು ತಿಂಗಳು ಬೀಗ ಹಾಕಿ ಮಗಳ ಮನೆಗೆ ಹೋಗಿದ್ದೆ, ಒಂದು ಬಲ್ಬ್ ಹಚ್ಚಿಲ್ಲ, ಆದರೂ ಬಿಲ್ ಯಾಕೆ?" ಎಂದು ಕೇಳುತ್ತಾರೆ. ಮದುವೆಗೆ ಟೆಂಪೊ ಹೇಳಿದ್ದೀರಿ ಎಂದುಕೊಳ್ಳಿ. ಇಡೀ ದಿನ ಅದು ನಿಮ್ಮ ಬಾಗಿಲಲ್ಲಿ ನಿಂತಿರುತ್ತದೆ. ಓಡಿಸಿದ ಕಿಲೋಮೀಟರಿಗೆ ಒಂದು ಲೆಕ್ಕ. ನಿಮಗಾಗಿ ನಿಂತದ್ದಕ್ಕೆ ಇನ್ನೊಂದು ಲೆಕ್ಕ. ಕಂಬ, ತಂತಿ, ಟಿ.ಸಿ. (ಟ್ರಾನ್ಸ್‌ಫಾರ್ಮರ್) ನಿಮಗಾಗಿ ನಿಂತಿರುವುದಕ್ಕೆ ಕೊಡುವುದು ನಿಗದಿತ ಶುಲ್ಕ. ಅದನ್ನು ನಿಮ್ಮ ಮನೆಗೆ ಮಂಜೂರಾದ ಲೋಡಿನ ಮೇಲೆ, ಅಂದರೆ ಎಷ್ಟು ಕಿಲೋವ್ಯಾಟ್ ಎಂಬುದರ ಮೇಲೆ ಲೆಕ್ಕ ಹಾಕುತ್ತಾರೆ. ಅಲ್ಲೂ ನೋಡಿ, ಲೋಡ್ ಎಂದರೆ ಮತ್ತೆ ಹೊರೆ. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಯೂನಿಟ್ ಒಳಗೆ ಇದ್ದರೆ ಬಿಲ್ ಸೊನ್ನೆ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಬ್ಯಾಂಕಿನದು ಇನ್ನೊಂದು ಗೋಳು. ಎ.ಟಿ.ಎಂ.ನಲ್ಲಿ ನಿಮ್ಮ ಸ್ವಂತ ಬ್ಯಾಂಕಿನ ಮಷಿನ್ ಬಳಸಿದರೆ ತಿಂಗಳಿಗೆ 5 ಸಲ ಉಚಿತ. ಬೇರೆ ಬ್ಯಾಂಕಿನ ಮಷಿನ್ ಆದರೆ ಬೆಂಗಳೂರಿನಂಥ ಮಹಾನಗರದಲ್ಲಿ 3 ಸಲ, ಹುಬ್ಬಳ್ಳಿ, ಗದಗ, ಹಾವೇರಿಯಂಥ ಊರುಗಳಲ್ಲಿ 5 ಸಲ. ಅದನ್ನು ದಾಟಿದರೆ ಒಂದು ಸಲಕ್ಕೆ 23 ರೂಪಾಯಿವರೆಗೆ ಚಾರ್ಜ್ ಹಾಕಬಹುದು ಎಂದು ರಿಸರ್ವ್ ಬ್ಯಾಂಕ್ 2025ರ ಮೇ 1ರಿಂದ ಹೇಳಿದೆ. ಅದರ ಮೇಲೆ ಜಿ.ಎಸ್.ಟಿ. ಬೇರೆ. ಅಂದರೆ ಸುಮಾರು 27 ರೂಪಾಯಿ. ಸುಮ್ನೆ ಬ್ಯಾಲೆನ್ಸ್ ಎಷ್ಟಿದೆ ಎಂದು ನೋಡಿದರೂ ಅದು ಒಂದು ಸಲದ ಲೆಕ್ಕಕ್ಕೆ ಹೋಗುತ್ತದೆ. ಇದು ತುಂಬ ಜನರಿಗೆ ಗೊತ್ತಿಲ್ಲ.

ಕನಿಷ್ಠ ಬ್ಯಾಲೆನ್ಸ್ ಇಲ್ಲದಿದ್ದರೆ ಬ್ಯಾಂಕ್ ಹಣ ಕಡಿಯುವುದುಂಟು. ಆದರೆ ಬರೀ ಈ ಕಾರಣಕ್ಕೆ ಉಳಿತಾಯ ಖಾತೆಯನ್ನು ಸೊನ್ನೆಗಿಂತ ಕೆಳಗೆ ಇಳಿಸುವಂತಿಲ್ಲ. ಇದೂ ರಿಸರ್ವ್ ಬ್ಯಾಂಕಿನ ನಿಯಮವೇ. ಕನಿಷ್ಠ ಬ್ಯಾಲೆನ್ಸ್ ಬೇಡವೇ ಬೇಡ ಎನ್ನುವವರಿಗೆ ಮೂಲ ಉಳಿತಾಯ ಖಾತೆ ಇದೆ. ಕೇಳಿ ಮಾಡಿಸಿಕೊಳ್ಳಬಹುದು.

ಹೋಟೆಲಿನ ಬಿಲ್ಲಿನಲ್ಲಿ ಬರುವ 'ಸರ್ವಿಸ್ ಚಾರ್ಜ್' ಬೇರೆ, ಜಿ.ಎಸ್.ಟಿ. ಬೇರೆ. ಜಿ.ಎಸ್.ಟಿ. ಸರ್ಕಾರಕ್ಕೆ ಹೋಗುವ ತೆರಿಗೆ, ಅದನ್ನು ಬಿಡಲು ಬರುವುದಿಲ್ಲ. ಸರ್ವಿಸ್ ಚಾರ್ಜ್ ಹೋಟೆಲಿನವರು ತಾವೇ ಸೇರಿಸುವುದು. ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮ ಜೋಳದ ರೊಟ್ಟಿ ಖಾನಾವಳಿಗಳಲ್ಲಿ ಈ ತಂಟೆ ಇಲ್ಲ. ದೊಡ್ಡ ಹೋಟೆಲಿಗೆ ಹೋದಾಗ ಬಿಲ್ ಓದಿ.

'ಸರ್‌ಚಾರ್ಜ್' ಎಂದರೆ ಹೊರೆಯ ಮೇಲೆ ಹೊರೆ. ಫ್ರೆಂಚಿನಲ್ಲಿ 'ಸುರ್' ಎಂದರೆ ಮೇಲೆ. ಮೊದಲೇ ಇದ್ದ ತೆರಿಗೆ ಅಥವಾ ಶುಲ್ಕದ ಮೇಲೆ ಇನ್ನಷ್ಟು ಏರಿಸಿದರೆ ಅದು ಸರ್‌ಚಾರ್ಜ್.

ಹೊಲದ ಮೇಲಿನ ಚಾರ್ಜ್

ಈಗ ಕಾಕಾನ ಪ್ರಶ್ನೆಗೆ ಬರೋಣ. ಇಲ್ಲಿ ಚಾರ್ಜ್ ಎಂದರೆ ಕೌಂಟರಿನಲ್ಲಿ ಕೊಡುವ ಹಣ ಅಲ್ಲ. ಹೊಲದ ಮೇಲೆ ಕೂತಿರುವ ಸಾಲದ ಭಾರ. ಧಾರವಾಡದ ಕಡೆ ಇದಕ್ಕೆ ಒಳ್ಳೆಯ ಪದ ಇದೆ: ಬೋಜಾ. "ಉತಾರದಾಗ ಬೋಜಾ ಐತಿ" ಅಂತ ಹೇಳಿದ್ದರೆ ಕಾಕಾಗೆ ಒಂದೇ ಮಾತಿನಲ್ಲಿ ತಿಳಿಯುತ್ತಿತ್ತು. ನೋಟು ಹೊರಗೆ ಬರುತ್ತಲೇ ಇರಲಿಲ್ಲ. ಬೋಜಾ ಎಂದರೆ ಭಾರ. ಚಾರ್ಜ್ ಎಂದರೂ ಭಾರ. ಅಕ್ಷರಕ್ಕೆ ಅಕ್ಷರ ಹೊಂದುವ ಪದ.

ಇದು ಹೇಗೆ ನಡೆಯುತ್ತದೆ? ಚಿನ್ನ ಗಿರವಿ ಇಟ್ಟರೆ ಚಿನ್ನ ಬ್ಯಾಂಕಿನ ಲಾಕರಿಗೆ ಹೋಗುತ್ತದೆ. ಹೊಲ ಹಾಗೆ ಎತ್ತಿ ಕೊಡಲು ಬರುವುದಿಲ್ಲ. ಬಿತ್ತುವವರು ನೀವೇ, ಬೆಳೆಯುವವರು ನೀವೇ, ಮಾಲೀಕರೂ ನೀವೇ. ಆದರೆ ಸಾಲ ತೀರದಿದ್ದರೆ ಆ ಹೊಲದಿಂದ ವಸೂಲಿ ಮಾಡುವ ಹಕ್ಕು ಸಾಲ ಕೊಟ್ಟವರಿಗೆ ಇರುತ್ತದೆ. ಆ ಹಕ್ಕಿಗೆ ಚಾರ್ಜ್ ಎನ್ನುತ್ತಾರೆ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 100ನೇ ಕಲಮು ಇದನ್ನು ಬಿಡಿಸಿ ಹೇಳುತ್ತದೆ. ಅಡಮಾನಕ್ಕೂ ಚಾರ್ಜಿಗೂ ಒಂದು ವ್ಯತ್ಯಾಸ ಇದೆ. ಅಡಮಾನದಲ್ಲಿ ಆಸ್ತಿಯಲ್ಲಿನ ಒಂದು ಹಿತಾಸಕ್ತಿಯನ್ನೇ ಸಾಲ ಕೊಟ್ಟವನಿಗೆ ವರ್ಗಾಯಿಸಿ ಕೊಡುತ್ತೀರಿ. ಚಾರ್ಜಿನಲ್ಲಿ ಏನನ್ನೂ ವರ್ಗಾಯಿಸುವುದಿಲ್ಲ. ಈ ಆಸ್ತಿ ಈ ಸಾಲಕ್ಕೆ ಭದ್ರತೆ ಎಂದು ಗುರುತು ಹಾಕುತ್ತೀರಿ, ಅಷ್ಟೆ.

ಕರ್ನಾಟಕದಲ್ಲಿ ಕೃಷಿ ಸಾಲಕ್ಕೆಂದೇ 1974ರ ಒಂದು ಕಾಯ್ದೆ ಇದೆ. ಅದರ ಪ್ರಕಾರ ರೈತ ಒಂದು ಘೋಷಣಾಪತ್ರ ಬರೆದುಕೊಟ್ಟು ತನ್ನ ಜಮೀನಿನ ಮೇಲೆ ಬ್ಯಾಂಕಿಗೆ ಚಾರ್ಜ್ ಕೊಡಬಹುದು. ಬ್ಯಾಂಕಿನವರು ಸಾಲದ ಕಾಗದಗಳ ನಡುವೆ "ಡಿಕ್ಲರೇಶನ್‌ಗೆ ಸಹಿ ಮಾಡ್ರಿ" ಎನ್ನುತ್ತಾರಲ್ಲ, ಅದೇ ಇದು. ಆಮೇಲೆ ಅದು ಕಂದಾಯ ದಾಖಲೆಗೆ ಹೋಗುತ್ತದೆ. ಉತಾರದ 11ನೇ ಕಾಲಮಿನಲ್ಲಿ, ಋಣಗಳನ್ನು ಬರೆಯುವ ಜಾಗದಲ್ಲಿ, ಬ್ಯಾಂಕಿನ ಅಥವಾ ಸೊಸೈಟಿಯ ಹೆಸರು, ಸಾಲದ ಮೊತ್ತ ಕೂಡುತ್ತದೆ. ಇದಕ್ಕೇ ಬೋಜಾ ಏರಿಸುವುದು ಎನ್ನುತ್ತಾರೆ.

ಒಂದು ಮುಖ್ಯ ಮಾತು. ಬೋಜಾ ಕೂತಿರುವುದು ಮನುಷ್ಯನ ಮೇಲಲ್ಲ, ಹೊಲದ ಮೇಲೆ. ಅಪ್ಪ ತೀರಿಕೊಂಡು ಹೊಲ ಮಕ್ಕಳ ಹೆಸರಿಗೆ ಆದರೂ ಅದು ಹೊಲದ ಜೊತೆಗೇ ಬರುತ್ತದೆ. ವಾಟ್ನಿ (ಆಸ್ತಿಯ ಪಾಲು) ಮಾಡಿಕೊಳ್ಳುವಾಗ, ಮಾರುವಾಗ, ಹೊಸ ಸಾಲ ಕೇಳುವಾಗ ಎದುರಿನವರು ಮೊದಲು ನೋಡುವುದು ಆ ಕಾಲಮನ್ನೇ.

ಇನ್ನೊಂದು ಮಾತು ಇನ್ನೂ ಮುಖ್ಯ. ಸಾಲ ತೀರಿಸಿದ ಕೂಡಲೇ ಬೋಜಾ ತಾನಾಗಿ ಇಳಿದಿರುತ್ತದೆ ಎಂದುಕೊಂಡು ಸುಮ್ಮನೆ ಕೂರಬೇಡಿ. ಸಾಲ ಬ್ಯಾಂಕಿನ ಪುಸ್ತಕದಲ್ಲಿ ಇರುತ್ತದೆ. ಬೋಜಾ ಸರ್ಕಾರದ ಪುಸ್ತಕದಲ್ಲಿ ಇರುತ್ತದೆ. ಒಂದರಲ್ಲಿ ಚುಕ್ತಾ ಆದದ್ದು ಇನ್ನೊಂದಕ್ಕೆ ಮುಟ್ಟಬೇಕು. ಅದಕ್ಕೆ ಸಾಲ ಕೊಟ್ಟವರಿಂದ ಬೇಬಾಕಿ ಪತ್ರ (ಏನೂ ಬಾಕಿ ಇಲ್ಲ ಎಂಬ ಪತ್ರ) ಮತ್ತು ಚಾರ್ಜ್ ಬಿಟ್ಟುಕೊಟ್ಟಿದ್ದೇವೆ ಎಂಬ ಕಾಗದ ತೆಗೆದುಕೊಳ್ಳಬೇಕು. ಅದು ಕಂದಾಯ ಕಚೇರಿಗೆ ಹೋಗಿ, ದಾಖಲೆ ತಿದ್ದಿ, ಆ ಕಾಲಂ ಖಾಲಿ ಆಗಬೇಕು. ಕೊನೆಗೆ ಹೊಸ ಉತಾರ ತೆಗೆಸಿ ನಿಮ್ಮ ಕಣ್ಣಿನಿಂದ ನೋಡಬೇಕು.

ಕಾಕಾ ಸೊಸೈಟಿ ಸಾಲ ತೀರಿಸಿ ಎರಡು ವರ್ಷ ಆಗಿತ್ತು. ಬೇಬಾಕಿ ಪತ್ರ ಕೊಟ್ಟಿದ್ದರಂತೆ. "ಜತನ ಇಟ್ಟೀನಿ" ಎಂದರು. ಮನೆಗೆ ಹೋಗಿ ನೋಡಿದರೆ ಟ್ರಂಕಿನ ತಳದಲ್ಲಿ, ಕಾಕೂನ ಇಳಕಲ್ಲ ಸೀರೆಯ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಇತ್ತು. ಮಡಿಕೆ ಸಹ ಬಿಚ್ಚಿರಲಿಲ್ಲ.

ಕಚೇರಿಯ ಚಾರ್ಜ್

"ಹೊಸ ತಹಶೀಲ್ದಾರ್ ಚಾರ್ಜ್ ತಗೊಂಡ್ರು" ಎಂದರೆ ಅಧಿಕಾರದ ಹೊರೆ ಹೊತ್ತರು ಎಂದರ್ಥ. ಹೊರಟವರು ಚಾರ್ಜ್ ಕೊಡುತ್ತಾರೆ, ಬಂದವರು ತೆಗೆದುಕೊಳ್ಳುತ್ತಾರೆ. ಕನ್ನಡದಲ್ಲಿ ಅಧಿಕಾರ ವಹಿಸಿಕೊಂಡರು ಎನ್ನುತ್ತೇವೆ.

'ಇನ್‌ಚಾರ್ಜ್' ಎಂಬುದಕ್ಕೆ ನಮ್ಮ ದೇಶದಲ್ಲಿ ಒಂದು ವಿಶೇಷ ಅರ್ಥ ಬೆಳೆದಿದೆ. ಖಾಯಂ ಅಧಿಕಾರಿ ಇಲ್ಲದಾಗ ತಾತ್ಕಾಲಿಕವಾಗಿ ಕೆಲಸ ನೋಡಿಕೊಳ್ಳುವವರು. ಪ್ರಭಾರಿ ಮುಖ್ಯೋಪಾಧ್ಯಾಯರು ಎಂದು ಬೋರ್ಡಿನಲ್ಲಿ ನೋಡಿರುತ್ತೀರಿ. ಇಂಗ್ಲೆಂಡಿನಲ್ಲಿ ಇನ್‌ಚಾರ್ಜ್ ಎಂದರೆ ಸರಳವಾಗಿ ಜವಾಬ್ದಾರಿ ಹೊತ್ತವರು, ಖಾಯಂ ಇರಲಿ ಬಿಡಲಿ. 'ಜಿಲ್ಲಾ ಉಸ್ತುವಾರಿ ಸಚಿವ' ಎಂಬಲ್ಲಿ ಆ ಹಳೆಯ ಅರ್ಥವೇ ಇದೆ.

ಹುಡುಗರಿಗೆ ಒಂದು ಸೂಚನೆ. ಇಂಗ್ಲಿಷಿನಲ್ಲಿ 'ಇನ್ ಚಾರ್ಜ್ ಆಫ್' ಎಂದರೆ ನೋಡಿಕೊಳ್ಳುವವರು. ನಡುವೆ ಒಂದು 'ದ' ಸೇರಿಸಿ 'ಇನ್ ದ ಚಾರ್ಜ್ ಆಫ್' ಎಂದರೆ ಉಲ್ಟಾ, ಇನ್ನೊಬ್ಬರ ಸುಪರ್ದಿಯಲ್ಲಿ ಇರುವವರು. ನರ್ಸ್ ಮಗುವಿನ 'ಇನ್ ಚಾರ್ಜ್', ಮಗು ನರ್ಸಿನ 'ಇನ್ ದ ಚಾರ್ಜ್'. ಪರೀಕ್ಷೆಯಲ್ಲಿ ಕೇಳಿದರೆ ಎಡವಬೇಡಿ.

ಎಫ್‌ಐಆರ್ ಬೇರೆ, ಚಾರ್ಜ್‌ಶೀಟ್ ಬೇರೆ, ಚಾರ್ಜ್ ಬೇರೆ

ಪೇಪರ್ ಓದುವಾಗ ಜಾಸ್ತಿ ಗೊಂದಲ ಆಗುವುದು ಇಲ್ಲಿ. "ಚಾರ್ಜ್‌ಶೀಟ್ ಆಗಿದೆ" ಎಂದ ಕೂಡಲೇ ಕಟ್ಟೆಯ ಮೇಲೆ ಕೂತವರು "ಹಂಗಾದ್ರ ಅವನ ಮಾಡ್ಯಾನ" ಎಂದು ತೀರ್ಮಾನಿಸಿ ಬಿಡುತ್ತಾರೆ. ಹಾಗಲ್ಲ. ಒಂದೊಂದೇ ಹೆಜ್ಜೆ ನೋಡೋಣ.

ಒಂದು ಕಳ್ಳತನ ಆಯಿತು. ನೀವು ಠಾಣೆಗೆ ಹೋಗಿ ದೂರು ಕೊಟ್ಟಿರಿ. ಅದನ್ನು ಬರೆದುಕೊಂಡದ್ದು ಎಫ್‌ಐಆರ್, ಅಂದರೆ ಪ್ರಥಮ ವರ್ತಮಾನ ವರದಿ. ಇದು ಬರೀ ಸುದ್ದಿ ಮುಟ್ಟಿದ್ದು. ಇಲ್ಲಿಂದ ತನಿಖೆ ಶುರು.

ಪೊಲೀಸರು ಸಾಕ್ಷಿ ಕೂಡಿಸುತ್ತಾರೆ, ಪಂಚನಾಮೆ ಮಾಡುತ್ತಾರೆ, ಹೇಳಿಕೆ ಬರೆದುಕೊಳ್ಳುತ್ತಾರೆ. ಮುಗಿದ ಮೇಲೆ ಕೋರ್ಟಿಗೆ ಒಂದು ವರದಿ ಕೊಡಬೇಕು. ಸಾಕ್ಷಿ ಸಾಕಷ್ಟಿದೆ ಅನಿಸಿದರೆ ಆ ವರದಿಯೇ ಚಾರ್ಜ್‌ಶೀಟ್, ಕನ್ನಡದಲ್ಲಿ ದೋಷಾರೋಪಣ ಪಟ್ಟಿ. ಸಾಕ್ಷಿ ಇಲ್ಲ ಅನಿಸಿದರೆ ನಮ್ಮ ರಾಜ್ಯದಲ್ಲಿ ಅದಕ್ಕೆ 'ಬಿ ರಿಪೋರ್ಟ್' ಎನ್ನುತ್ತಾರೆ. ದೂರು ಕೊಟ್ಟವರು ಬಿ ರಿಪೋರ್ಟ್ ಒಪ್ಪದಿದ್ದರೆ ಕೋರ್ಟಿನಲ್ಲಿ ತಕರಾರು ಹಾಕಬಹುದು.

ಮೊದಲು ಈ ವರದಿ ದಂಡ ಪ್ರಕ್ರಿಯಾ ಸಂಹಿತೆಯ 173ನೇ ಕಲಮಿನ ಕೆಳಗೆ ಬರುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಈಗ ಅದು ಅದರ 193ನೇ ಕಲಮು. ಆರೋಪಿ ಬಂಧನದಲ್ಲಿದ್ದರೆ ಗಡುವು ಬಹಳ ಮುಖ್ಯ. 60 ದಿನದೊಳಗೆ, ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ 90 ದಿನದೊಳಗೆ, ಚಾರ್ಜ್‌ಶೀಟ್ ಬರದಿದ್ದರೆ ಆರೋಪಿಗೆ ಜಾಮೀನು ಕೇಳುವ ಹಕ್ಕು ಬರುತ್ತದೆ. "90 ದಿನ ಆಯ್ತು, ಜಾಮೀನು ಸಿಕ್ತು" ಎಂಬ ಸುದ್ದಿಯ ಹಿಂದೆ ಇರುವುದು ಇದು. ಅವನು ನಿರಪರಾಧಿ ಎಂದು ಕೋರ್ಟ್ ಹೇಳಿದ್ದಲ್ಲ.

ಇಷ್ಟಾದರೂ ಇನ್ನೂ ಆರೋಪ ಹೊರಿಸಿದವರು ಪೊಲೀಸರು ಮಾತ್ರ. ಮುಂದೆ ನ್ಯಾಯಾಧೀಶರು ಆ ಕಾಗದಗಳನ್ನು ನೋಡುತ್ತಾರೆ. ವಿಚಾರಣೆ ನಡೆಸುವಷ್ಟು ಆಧಾರ ಇದೆ ಅನಿಸಿದರೆ, ಯಾವ ಯಾವ ಕಲಮಿನ ಕೆಳಗೆ ಎಂದು ಬರೆದು, ಆರೋಪಿಗೆ ಓದಿ ಹೇಳಿ, "ಒಪ್ಪುತ್ತೀಯಾ?" ಎಂದು ಕೇಳುತ್ತಾರೆ. ಇದು ಕೋರ್ಟಿನ ಚಾರ್ಜ್, ದೋಷಾರೋಪ ನಿಗದಿ. ಆಧಾರ ಇಲ್ಲದಿದ್ದರೆ ಆ ಹಂತದಲ್ಲೇ ಬಿಟ್ಟುಬಿಡುತ್ತಾರೆ. ಅದಕ್ಕೆ 'ಡಿಸ್ಚಾರ್ಜ್' ಎನ್ನುತ್ತಾರೆ. ವಿಚಾರಣೆ ಪೂರ್ತಿ ನಡೆದು, ಅಪರಾಧ ಸಾಬೀತಾಗಲಿಲ್ಲ ಎಂದು ಬಿಟ್ಟರೆ ಅದು ಖುಲಾಸೆ. ಎರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ಹೊರೆ ಏರಿಸುವ ಮುಂಚೆಯೇ ಬೇಡ ಎಂದರು. ಎರಡನೆಯದರಲ್ಲಿ ಏರಿಸಿ, ತೂಗಿ ನೋಡಿ, ಇಳಿಸಿದರು.

ಒಬ್ಬ ಮನುಷ್ಯನ ಮರ್ಯಾದೆ ಇದರಲ್ಲಿದೆ. ಅದಕ್ಕೇ ಈ ಮೂರು ಪದಗಳನ್ನು ಬೇರೆ ಬೇರೆ ಇಟ್ಟುಕೊಳ್ಳುವುದು ಬಹಳ ಅಗತ್ಯ ಎಂದು ನನಗೆ ಅನಿಸುತ್ತದೆ.

ಲಾಠಿ ಚಾರ್ಜ್ ಮತ್ತು ತೋಪಿನ ಮದ್ದು

ಇಲ್ಲಿಯವರೆಗೆ ಹೊರೆ ಕಾಣುತ್ತಿತ್ತು. ಲಾಠಿ ಚಾರ್ಜಿನಲ್ಲಿ ಹೊರೆ ಎಲ್ಲಿದೆ? ಇದಕ್ಕೆ ಹಳೆಯ ಯುದ್ಧದ ಕಡೆ ಹೋಗಬೇಕು.

ಆಗಿನ ಬಂದೂಕು, ತೋಪುಗಳಿಗೆ ಬಾಯಿಂದ ಮದ್ದು ತುಂಬಬೇಕಿತ್ತು. ಹಾಗೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ಚಾರ್ಜ್ ಮಾಡುವುದು ಎಂದರು. ತೋಪಿಗೆ ಮದ್ದು ಹೇರಿದಂತೆ. ಆಯುಧವನ್ನು ಸಜ್ಜು ಮಾಡುವ ಈ ಅರ್ಥದಿಂದ ಸಜ್ಜಾಗಿ ಶತ್ರುವಿನ ಮೇಲೆ ನುಗ್ಗುವ ಅರ್ಥ ಬೆಳೆಯಿತು ಎನ್ನುತ್ತಾರೆ. ಕುದುರೆ ದಂಡು ನುಗ್ಗಿದರೆ ಅದು ಚಾರ್ಜ್. ಲಾಠಿ ಹಿಡಿದ ಪೊಲೀಸರು ಗುಂಪಿನ ಮೇಲೆ ನುಗ್ಗಿದರೆ ಲಾಠಿ ಚಾರ್ಜ್. ಈ ಜೋಡಿಪದ ಹುಟ್ಟಿದ್ದು ನಮ್ಮ ದೇಶದಲ್ಲೇ.

ಫೋನಿನ ಚಾರ್ಜ್

ತೋಪಿನ ಮದ್ದಿನಿಂದ ಫೋನಿನ ಬ್ಯಾಟರಿಗೆ ದಾರಿ ನೇರ ಇದೆ. 1740ರ ದಶಕದಲ್ಲಿ ಯುರೋಪಿನಲ್ಲಿ ಲೇಡನ್ ಜಾಡಿ ಎಂಬ ಗಾಜಿನ ಭರಣಿ ಬಂತು. ಉಜ್ಜಿ ಹುಟ್ಟಿಸಿದ ವಿದ್ಯುತ್ತನ್ನು ಅದರಲ್ಲಿ ಹಿಡಿದಿಡಬಹುದಿತ್ತು. ಮುಟ್ಟಿದರೆ ತೋಪು ಹಾರಿದಂತೆ ಫಟ್ಟನೆ ಹೊಡೆಯುತ್ತಿತ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇಂಥ ಪ್ರಯೋಗಗಳನ್ನು ಮಾಡಿದವರು. ಜಾಡಿ ತುಂಬಿಸುವುದಕ್ಕೆ ಚಾರ್ಜ್ ಎಂಬ ತೋಪಿನ ಮಾತೇ ಬಳಕೆಗೆ ಬಂತು. ಸಾಲಾಗಿ ಜೋಡಿಸಿದ ಜಾಡಿಗಳಿಗೆ 1749ರಲ್ಲಿ ಫ್ರಾಂಕ್ಲಿನ್ 'ಬ್ಯಾಟರಿ' ಎಂದು ಹೆಸರಿಟ್ಟರು. ಬ್ಯಾಟರಿ ಎಂದರೆ ಆಗ ತೋಪುಗಳ ಸಾಲು. ನಮ್ಮ ಕಿಸೆಯಲ್ಲಿರುವ ಎರಡೂ ಪದಗಳು ರಣರಂಗದಿಂದ ಬಂದವು.

ವಿಜ್ಞಾನದಲ್ಲಿ ಚಾರ್ಜ್ ಎಂದರೆ ಇನ್ನೂ ಒಂದು ಅರ್ಥ ಇದೆ. ಪ್ಲಾಸ್ಟಿಕ್ ಬಾಚಣಿಗೆಯಿಂದ ಒಣ ಕೂದಲು ಬಾಚಿ, ಸಣ್ಣ ಕಾಗದದ ಚೂರುಗಳ ಹತ್ತಿರ ಹಿಡಿಯಿರಿ. ಚೂರು ಎದ್ದು ಬಂದು ಅಂಟುತ್ತವೆ. ಕೂದಲಿನಿಂದ ಎಲೆಕ್ಟ್ರಾನುಗಳು ಬಾಚಣಿಗೆಗೆ ಹೋದವು, ಬಾಚಣಿಗೆಗೆ ಋಣ (ನೆಗೆಟಿವ್) ಚಾರ್ಜ್ ಬಂತು. ಕನ್ನಡ ಪಠ್ಯಪುಸ್ತಕದಲ್ಲಿ ಇದಕ್ಕೆ ವಿದ್ಯುದಾವೇಶ ಎನ್ನುತ್ತಾರೆ. ಮೈಮೇಲೆ ದೇವರು ಬಂದಾಗ ಹೇಳುವ ಆವೇಶವೇ ಇದು. ಇಂಗ್ಲಿಷಿನವರಿಗೆ ಹೊರೆ ಕಂಡಲ್ಲಿ ನಮ್ಮವರಿಗೆ ಒಳಗೆ ಹೊಕ್ಕ ಶಕ್ತಿ ಕಂಡಿತು.

ಹಾಗಾದರೆ ಫೋನ್ ಚಾರ್ಜ್ ಮಾಡಿದಾಗ ಬ್ಯಾಟರಿಯಲ್ಲಿ ಎಲೆಕ್ಟ್ರಾನುಗಳು ತುಂಬುತ್ತವಾ? ಇಲ್ಲ. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲೂ ಖಾಲಿ ಬ್ಯಾಟರಿಯಲ್ಲೂ ಅವುಗಳ ಲೆಕ್ಕ ಒಂದೇ. ನಮ್ಮ ಅವಳಿ ನಗರದ ಮನೆಗಳಲ್ಲಿ ನೆಲದೊಳಗೆ ಒಂದು ಸಂಪು, ಮಾಳಿಗೆಯ ಮೇಲೆ ಒಂದು ಟ್ಯಾಂಕು ಇರುತ್ತದಲ್ಲ, ಹಾಗೆ. ಮೋಟರ್ ಹಚ್ಚಿದರೆ ನೀರು ಸಂಪಿನಿಂದ ಟ್ಯಾಂಕಿಗೆ ಏರುತ್ತದೆ. ಮನೆಯ ಒಟ್ಟು ನೀರು ಅಷ್ಟೇ. ಆದರೆ ಮೇಲೆ ಏರಿದ ನೀರಿಗೆ ನಲ್ಲಿಯಲ್ಲಿ ಬೀಳುವ ಶಕ್ತಿ ಬಂತು. ಬ್ಯಾಟರಿಯಲ್ಲೂ ಎರಡು ತುದಿಗಳಿವೆ. ಚಾರ್ಜರ್ ಮೋಟರಿನ ಕೆಲಸ ಮಾಡುತ್ತದೆ. ಲಿಥಿಯಂನ ಕಣಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿದು ಕೂರುತ್ತವೆ. ಫೋನ್ ಬಳಸುವಾಗ ಮೆಲ್ಲಗೆ ವಾಪಸ್ ಇಳಿಯುತ್ತವೆ. ಇಂಥ ಲಿಥಿಯಂ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಅದಕ್ಕೆ ದುಡಿದ ಗುಡ್‌ಎನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಫೋನಿನ ಡಬ್ಬದ ಮೇಲೆ 5000 ಎಂ.ಎ.ಎಚ್. ಎಂದು ಬರೆದಿರುತ್ತದೆ. 5000 ಮಿಲಿಆಂಪಿಯರ್, ಅಂದರೆ 5 ಆಂಪಿಯರ್ ಕರೆಂಟನ್ನು 1 ಗಂಟೆ ಕೊಡಬಲ್ಲದು ಎಂದರ್ಥ. ಅರ್ಧ ಆಂಪಿಯರ್ ಎಳೆದರೆ 10 ಗಂಟೆ.

ಬೆಂಗಳೂರಿನವರು ಫೋನನ್ನು ಚಾರ್ಜಿಗೆ 'ಹಾಕುತ್ತಾರೆ'. ನಾವು 'ಹಚ್ಚುತ್ತೇವೆ'. ಆದರೆ ಎಲ್ಲರಿಗೂ ಚಾರ್ಜ್ 'ಏರುತ್ತದೆ', 'ಇಳಿಯುತ್ತದೆ'. "ಚಾರ್ಜ್ ಏರವಲ್ದು" ಎನ್ನುವಾಗ ನಮಗೆ ಗೊತ್ತಿಲ್ಲದೆಯೇ ಚಕ್ಕಡಿಯ ಮಾತು ಆಡುತ್ತಿರುತ್ತೇವೆ.

'ರೀಚಾರ್ಜ್' ಎಂದರೆ ಮತ್ತೆ ತುಂಬುವುದು. ಫೋನಿಗೆ ಹಣ ಹಾಕಿಸುವುದೂ ರೀಚಾರ್ಜ್, ಮಳೆನೀರನ್ನು ಇಂಗಿಸಿ ಬೋರ್‌ವೆಲ್ಲಿಗೆ ಜೀವ ಕೊಡುವುದೂ ರೀಚಾರ್ಜ್. ಎರಡನೆಯದಕ್ಕೆ ಕನ್ನಡದಲ್ಲಿ ಮರುಪೂರಣ ಎಂಬ ಚೆಂದದ ಪದ ಇದೆ.

ಡಿಸ್ಚಾರ್ಜ್: ಇಳಿಸುವುದು

'ಡಿಸ್' ಸೇರಿದರೆ ಹೊರೆ ಇಳಿಯಿತು. ಬ್ಯಾಟರಿ ಡಿಸ್ಚಾರ್ಜ್ ಆಯಿತು. ಆರೋಪಿ ಡಿಸ್ಚಾರ್ಜ್ ಆದ. ರೋಗಿ ದವಾಖಾನೆಯಿಂದ ಡಿಸ್ಚಾರ್ಜ್ ಆದ.

ದವಾಖಾನೆಯಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇದೆ. ಗಾಯದ ಪಟ್ಟಿ ಬಿಚ್ಚುವಾಗ ಡಾಕ್ಟರು "ಡಿಸ್ಚಾರ್ಜ್ ಇದೆಯಾ?" ಎಂದು ಕೇಳಿದರೆ ಮನೆಗೆ ಕಳಿಸುವ ಮಾತಲ್ಲ. ಕೀವು, ನೀರು, ಸ್ರಾವ ಬರುತ್ತಿದೆಯಾ ಎಂದು ಕೇಳುತ್ತಿದ್ದಾರೆ. ಹೆಣ್ಣುಮಕ್ಕಳ ಡಾಕ್ಟರು ಕೇಳಿದರೂ ಅದೇ ಅರ್ಥ. ತಿಳಿಯದಿದ್ದರೆ "ಹಂಗಂದ್ರ ಏನ್ರೀ ಡಾಕ್ಟ್ರ?" ಎಂದು ಕೇಳಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮನೆಗೆ ಹೋಗುವಾಗ ಕೊಡುವ ಡಿಸ್ಚಾರ್ಜ್ ಸಮ್ಮರಿಯನ್ನು ಮಾತ್ರ ಮರೆಯದೆ ತೆಗೆದುಕೊಳ್ಳಿ. ಏನಾಗಿತ್ತು, ಏನು ಚಿಕಿತ್ಸೆ ಕೊಟ್ಟರು, ಯಾವ ಔಷಧ ಮುಂದುವರಿಸಬೇಕು ಎಲ್ಲ ಅದರಲ್ಲಿ ಇರುತ್ತದೆ.

ಕಾಕಾನ ಬೇಬಾಕಿ ಪತ್ರ ಟ್ರಂಕಿನಿಂದ ಹೊರಗೆ ಬಂದು ಕುಂದಗೋಳದ ಕಚೇರಿ ಮುಟ್ಟಿತು. ಸ್ವಲ್ಪ ದಿನ ಬಿಟ್ಟು ಹೊಸ ಉತಾರ ತೆಗೆಸಿದೆವು. ಕನ್ನಡಕ ಏರಿಸಿಕೊಂಡು ಕಾಕಾ 11ನೇ ಕಾಲಮಿನ ಮೇಲೆ ಬೆರಳಿಟ್ಟು, ಮೇಲಿನಿಂದ ಕೆಳಗಿನವರೆಗೆ ಎಳೆದರು. ಅಲ್ಲಿ ಏನೂ ಬರೆದಿರಲಿಲ್ಲ. "ಬೋಜಾ ಇಳೀತು ನೋಡ" ಎಂದು ಕಾಗದ ಮಡಚಿ, ಅದೇ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಹುಬ್ಬಳ್ಳಿ ಬಸ್ಸಿಗೆ ನಿಂತರು.